ಮೊದಲ ಆಸ್ಪತ್ರೆ ಕೆಲಸ: ಸಹಿ ಹಾಕುವ ಮುಂಚೆ ಏನು ಕೇಳಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವಳು. ಈ ವರ್ಷ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ. ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ಅರ್ಜಿ ಹಾಕಿದ್ದೇನೆ, ಇನ್ನೂ ಕೈಗೆ ಬಂದಿಲ್ಲ. ಹೋದ ಕಡೆಯೆಲ್ಲ ‘ಅನುಭವ ಇದೆಯಾ’ ಅಂತಲೇ ಕೇಳುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಹಾಗಾಗಿ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಶುರುವಾದರೆ ಬಾಯಿ ಕಟ್ಟುತ್ತದೆ. ಈಗ ಎರಡು ಅವಕಾಶ ಇವೆ. ಒಂದು ಬೆಂಗಳೂರಿನ 300 ಹಾಸಿಗೆಯ ಆಸ್ಪತ್ರೆ. ಸಂಬಳ 17,000, ಹಾಸ್ಟೆಲ್‌ಗೆ 3,000 ಹಿಡಿಯುತ್ತಾರೆ. ಎರಡು ವರ್ಷದ ಬಾಂಡ್ ಬರೆದುಕೊಡಬೇಕು, ಮೂಲ ಪ್ರಮಾಣಪತ್ರಗಳನ್ನು ಅವರಲ್ಲೇ ಇಡಬೇಕು, ನಡುವೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಇನ್ನೊಂದು ನಮ್ಮೂರ ಹತ್ತಿರದ 25 ಹಾಸಿಗೆಯ ನರ್ಸಿಂಗ್ ಹೋಂ, ಸಂಬಳ 11,000, ಬಾಂಡ್ ಇಲ್ಲ. ಅಪ್ಪ ‘ಯಾವುದಾದ್ರೂ ಸರಿ, ಮೊದ್ಲು ಸೇರಿಕೋ’ ಅನ್ನುತ್ತಾರೆ. ಏಮ್ಸ್ ಆಸ್ಪತ್ರೆಗಳ ನರ್ಸ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆ ಬರೆಯುವ ಆಸೆಯೂ ಇದೆ. ಏನು ಮಾಡಲಿ?

ಉತ್ತರ: ನೇರವಾಗಿ ಹೇಳುತ್ತೇನೆ. ಬೆಂಗಳೂರಿನ ಕಾಗದಕ್ಕೆ ಅದು ಈಗ ಇರುವ ಹಾಗೆ ಸಹಿ ಹಾಕಬೇಡಿ. ನರ್ಸಿಂಗ್ ಹೋಂ ಅನ್ನು ಮೊದಲ ಕೆಲಸವಾಗಿ ಆರಿಸಿಕೊಳ್ಳಬೇಡಿ. ಈ ಎರಡರ ನಡುವೆ ನಿಮಗೆ ಇನ್ನೂ ದಾರಿಗಳಿವೆ, ಅದೂ ನಿಮ್ಮ ಊರಿನಿಂದ ತೀರಾ ದೂರವಲ್ಲದ ಕಡೆ.

ನರ್ಸಿಂಗ್ ಆಫೀಸಿನಲ್ಲಿ ಕೂತು ಹೊಸಬರನ್ನು ಕೆಲಸಕ್ಕೆ ಆರಿಸಿದವಳು ನಾನು. ಅವರು ಮುಂದೆ ಹೇಗಾದರು ಅಂತಲೂ ನೋಡಿದ್ದೇನೆ. ಮೊದಲ ಆರು ತಿಂಗಳು ಪಕ್ಕದಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದು ಕಲಿತವರು ಗಟ್ಟಿಯಾಗಿ ನಿಂತರು. ಮೊದಲ ವಾರವೇ ಒಂಟಿಯಾಗಿ ನೈಟ್ ಡ್ಯೂಟಿಗೆ ಬಿದ್ದವರಲ್ಲಿ ಬಹಳ ಜನ ಹೆದರಿ ಕೆಲಸವನ್ನೇ ಬಿಟ್ಟರು, ಇಲ್ಲವೇ ತಪ್ಪು ರೂಢಿಗಳನ್ನೇ ಸರಿ ಅಂದುಕೊಂಡರು. ಅದಕ್ಕೇ ಮೊದಲ ಕೆಲಸಕ್ಕೆ ನನ್ನ ಅಳತೆ ಒಂದೇ. ಅಲ್ಲಿ ನಿಮಗೆ ಕಲಿಸುವವರು ಯಾರು, ಎಷ್ಟು ದಿನ ಕಲಿಸುತ್ತಾರೆ? ಸಂಬಳ, ಆಸ್ಪತ್ರೆಯ ಹೆಸರು, ಊರು ಎಲ್ಲ ಆಮೇಲೆ.

ಸಂಬಳ ಆಮೇಲೆ ಅಂದದ್ದು ಸುಮ್ನೆ ಅಲ್ಲ. ನಿಮ್ಮದೇ ಲೆಕ್ಕ ಹಾಕಿ ನೋಡೋಣ. 17,000ದಲ್ಲಿ ಮೂಲ ವೇತನ 15,000 ಅಂತ ಇಟ್ಟುಕೊಳ್ಳಿ. ಅದರ ಶೇ. 12ರಂತೆ ಪಿ.ಎಫ್.ಗೆ 1,800 ಹೋಗುತ್ತದೆ. 21,000ದವರೆಗಿನ ಸಂಬಳಕ್ಕೆ ಇ.ಎಸ್.ಐ. (ನೌಕರರ ಆರೋಗ್ಯ ವಿಮೆ) ಇದೆ, ಅದಕ್ಕೆ ಶೇ. 0.75ರಂತೆ ಸುಮಾರು 128. ಹಾಸ್ಟೆಲ್‌ಗೆ 3,000. ಕೈಗೆ ಬರುವುದು ಹೆಚ್ಚುಕಮ್ಮಿ 12,000. ಅದರಲ್ಲೇ ಊಟ, ಬಸ್ಸು, ಫೋನು. ಮನೆಯಲ್ಲಿದ್ದು ತರುವ 11,000ಕ್ಕೂ ಇದಕ್ಕೂ ಅಂತಹ ಅಂತರವೇ ಇಲ್ಲ, ಅಲ್ವಾ? ಹಾಗಾಗಿ ದುಡ್ಡು ನೋಡಿ ತೀರ್ಮಾನ ಮಾಡುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಹಾಗೇ ಪಿ.ಎಫ್., ಇ.ಎಸ್.ಐ. ಹಿಡಿಯುತ್ತಾರೆ ಅಂತ ಬೇಜಾರಾಗಬೇಡಿ. ಅವು ಇರುವ ಕೆಲಸವೇ ಒಳ್ಳೆಯದು. ನಾಳೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಪಿ.ಎಫ್. ದಾಖಲೆಯೂ ಒಂದು ಸಾಕ್ಷಿಯಾಗುತ್ತದೆ.

ಮೊದಲು ನೋಂದಣಿ ವಿಷಯ ಮುಗಿಸಿಬಿಡೋಣ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಬರುವವರೆಗೆ ಕಾನೂನಿನ ಕಣ್ಣಲ್ಲಿ ನೀವಿನ್ನೂ ನರ್ಸ್ ಅಲ್ಲ. ಆಸ್ಪತ್ರೆಗಳು ಈ ಅವಧಿಯಲ್ಲಿ ‘ಟ್ರೇನಿ’ ಅಂತ ಸೇರಿಸಿಕೊಳ್ಳುವುದುಂಟು. ಹಾಗೆ ಸೇರಿದರೆ ಹಿರಿಯರ ಜೊತೆ ನಿಂತು ಕೆಲಸ ಮಾಡಿ. ಒಬ್ಬರೇ ಇಂಜೆಕ್ಷನ್ ಕೊಟ್ಟು ಚಾರ್ಟ್‌ನಲ್ಲಿ ಸಹಿ ಹಾಕುವ ಕೆಲಸಕ್ಕೆ ಒಪ್ಪಬೇಡಿ. ಮುಂದೆ ಹೊರದೇಶಕ್ಕೋ ಸರ್ಕಾರಿ ಹುದ್ದೆಗೋ ಅನುಭವ ಲೆಕ್ಕ ಹಾಕುವಾಗ ಬಹಳ ಕಡೆ ನೋಂದಣಿಯಾದ ದಿನದಿಂದಲೇ ಎಣಿಸುತ್ತಾರೆ. ಟ್ರೇನಿಯಾಗಿ ದುಡಿದ ತಿಂಗಳುಗಳು ಆ ಲೆಕ್ಕಕ್ಕೆ ಬಾರದೇ ಹೋಗಬಹುದು. ಅರ್ಜಿಯ ಸ್ವೀಕೃತಿ ಪತ್ರದ ಪ್ರತಿ ಫೈಲಿನಲ್ಲಿರಲಿ, ಇಂಟರ್‌ವ್ಯೂನಲ್ಲಿ ಕೇಳುವ ಮೊದಲೇ ತೋರಿಸಿ. ನೋಂದಣಿ ಬಂದ ಮೇಲೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಆನ್‌ಲೈನ್ ದಾಖಲೆಗೂ ಹೆಸರು ಸೇರಿಸಿ. ಅಲ್ಲಿ ಸಿಗುವ ರಾಷ್ಟ್ರೀಯ ಗುರುತು ಸಂಖ್ಯೆಯನ್ನು ಈಗ ದೊಡ್ಡ ಆಸ್ಪತ್ರೆಗಳು ಕೇಳುತ್ತವೆ.

ಇನ್ನು ‘ಅನುಭವ ಇದೆಯಾ’ ಎಂಬ ಗೋಡೆ. ಇದು ಕಾಣುವಷ್ಟು ಎತ್ತರ ಇಲ್ಲ. ಆಸ್ಪತ್ರೆಗಳಿಗೆ ಅನುಭವಸ್ಥರೇ ಬೇಕು, ನಿಜ. ಆದರೆ ಅನುಭವಸ್ಥರು ನಿಲ್ಲುವುದಿಲ್ಲ. ಎರಡು ವರ್ಷ ತುಂಬುತ್ತಿದ್ದಂತೆ ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ, ಜರ್ಮನಿಗೆ ಹೊರಡುತ್ತಾರೆ, ಇಲ್ಲಾ ಸರ್ಕಾರಿ ಕೆಲಸ ಸಿಕ್ಕಿ ಹೋಗುತ್ತಾರೆ. ಆ ಜಾಗಗಳನ್ನು ವರ್ಷವಿಡೀ ತುಂಬುತ್ತಲೇ ಇರಬೇಕು, ತುಂಬುವುದು ಹೊಸಬರಿಂದಲೇ. ಜಾಹೀರಾತಿನಲ್ಲಿ ‘1-2 ವರ್ಷ ಅನುಭವ’ ಅಂತಿದ್ದರೂ ಅರ್ಜಿ ಹಾಕಿ. ಆದರೆ ಆನ್‌ಲೈನ್‌ನಲ್ಲಿ ಹಾಕಿ ಮನೆಯಲ್ಲಿ ಕೂರಬೇಡಿ. ಎಚ್.ಆರ್. ವಿಭಾಗದ ಕಂಪ್ಯೂಟರಿನಲ್ಲಿ ಹೊಸಬರ ಬಯೋಡೇಟಾ ಕೆಳಗೇ ಉಳಿದುಬಿಡುತ್ತದೆ. ಬೆಳಿಗ್ಗೆ ರೌಂಡ್ಸ್ ಮುಗಿದ ಹೊತ್ತಿಗೆ ಆಸ್ಪತ್ರೆಗೇ ಹೋಗಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಫೀಸ್ ಎಲ್ಲಿ ಅಂತ ಕೇಳಿ, ಫೈಲು ಕೈಗೆ ಕೊಟ್ಟು ಬನ್ನಿ. ವಾರ್ಡಿನಲ್ಲಿ ಎಷ್ಟು ಜನ ಕಡಿಮೆ ಇದ್ದಾರೆ ಅನ್ನುವುದು ಎಚ್.ಆರ್.ಗಿಂತ ಮೊದಲು ಅವರಿಗೇ ಗೊತ್ತಿರುತ್ತದೆ.

ಹೊಸಬರಿಗೆ ಬಾಗಿಲು ಬೇಗ ತೆರೆಯುವುದು, ಕಲಿಕೆಯೂ ಚೆನ್ನಾಗಿರುವುದು ಮೆಡಿಕಲ್ ಕಾಲೇಜಿನ ಜೊತೆಗಿರುವ ಆಸ್ಪತ್ರೆಗಳಲ್ಲಿ. ರೋಗಿಗಳು ಜಾಸ್ತಿ, ಕಾಯಿಲೆಗಳು ಬಗೆಬಗೆಯವು, ಕಲಿಸುವ ವಾತಾವರಣ ಮೊದಲಿಂದಲೂ ಇರುತ್ತದೆ. ನಿಮ್ಮ ಕಡೆಯಿಂದ ನೋಡಿದರೆ ರಾಯಚೂರು, ಕಲಬುರಗಿ, ಬಳ್ಳಾರಿ, ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಎಲ್ಲ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಬೆಂಗಳೂರಿಗೇ ಹೋಗಬೇಕು, ಮಂಗಳೂರಿಗೇ ಹೋಗಬೇಕು ಅನ್ನುವ ಹಟ ಬೇಡ. ಎರಡನೆಯದು, ನೂರು ಹಾಸಿಗೆಗಿಂತ ದೊಡ್ಡದಾದ, ಎನ್.ಎ.ಬಿ.ಎಚ್. (ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸುವ ಮಂಡಳಿ) ಮಾನ್ಯತೆ ಇರುವ ಖಾಸಗಿ ಆಸ್ಪತ್ರೆಗಳು. ಆ ಮಾನ್ಯತೆ ಉಳಿಸಿಕೊಳ್ಳಲು ಅವರು ಹೊಸ ನರ್ಸ್‌ಗಳಿಗೆ ತರಬೇತಿ ಕೊಟ್ಟ ದಾಖಲೆ ಇಡಲೇಬೇಕು. ಮಾನ್ಯತೆ ಇದೆ ಅಂದಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಆದರೆ ಕೇಳಲು ನಿಮಗೊಂದು ಹಿಡಿ ಸಿಗುತ್ತದೆ. ಮೂರನೆಯದು ಮಿಷನ್ ಆಸ್ಪತ್ರೆಗಳು. ಸಂಬಳ ಸಾಧಾರಣ, ಶಿಸ್ತು ಬಿಗಿ, ಆದರೆ ಬೆಡ್‌ಸೈಡ್ ಕೆಲಸ ಕೈಗೆ ಹತ್ತಿಸುವುದರಲ್ಲಿ ಅವರದು ಹಳೆಯ ಕೈ.

ಈಗ ಇಂಟರ್‌ವ್ಯೂಗೆ ಬರೋಣ. ನಿಮ್ಮ ಭಯ ಇರುವುದು ಇಲ್ಲೇ ಅನ್ನಿಸುತ್ತದೆ.

ಮೇಜಿನ ಆಚೆ ಕೂತವರು ಹೊಸಬರಲ್ಲಿ ಹುಡುಕುವುದು ಜಾಣತನವನ್ನಲ್ಲ, ‘ಇವಳ ಕೈಗೆ ರೋಗಿಯನ್ನು ಒಪ್ಪಿಸಬಹುದಾ’ ಅನ್ನುವುದನ್ನು. ಪ್ರಶ್ನೆಗಳೂ ಅದಕ್ಕೆ ತಕ್ಕ ಹಾಗೇ ಇರುತ್ತವೆ. ನಾನು ಕೇಳುತ್ತಿದ್ದ ಒಂದು ಪ್ರಶ್ನೆ ಹೇಳುತ್ತೇನೆ. ಟ್ರೇಯಲ್ಲಿ ಒಂದು ಇನ್ಸುಲಿನ್ ಬಾಟಲಿ, ಎರಡು ಸಿರಿಂಜು. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಕಿತ್ತಳೆ. ‘10 ಯೂನಿಟ್ ತೆಗೀರಿ’ ಅಂತ ಹೇಳಿ ಸುಮ್ಮನೆ ನೋಡುತ್ತಿದ್ದೆ. ಹಲವರು ಕೈಗೆ ಸಿಕ್ಕ ಸಿರಿಂಜು ಎತ್ತಿಕೊಳ್ಳುತ್ತಾರೆ. ಕೆಲವರು ಮಾತ್ರ ಮೊದಲು ಬಾಟಲಿ ತಿರುಗಿಸಿ ಲೇಬಲ್ ಓದುತ್ತಾರೆ. ನಮ್ಮ ದೇಶದಲ್ಲಿ ಇನ್ಸುಲಿನ್ ಎಂ.ಎಲ್.ಗೆ 40 ಯೂನಿಟ್‌ನದ್ದೂ ಇದೆ, 100 ಯೂನಿಟ್‌ನದ್ದೂ ಇದೆ. ಕೆಂಪು ಮುಚ್ಚಳದ ಸಿರಿಂಜು 40ರದ್ದು, ಕಿತ್ತಳೆಯದು 100ರದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಕಾಲು ಎಂ.ಎಲ್., ಅಂದರೆ 25 ಯೂನಿಟ್. ಕೊಡಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಆ ರೋಗಿಯ ಸಕ್ಕರೆ ನಡುರಾತ್ರಿ ಎಲ್ಲಿಗೆ ಇಳಿಯುತ್ತದೆ ಅಂತ ಯೋಚಿಸಿ. ಲೇಬಲ್ ಓದಿದ ಹುಡುಗಿಯ ಇಂಗ್ಲಿಷ್ ಹೇಗಿದೆ ಅಂತ ಆಮೇಲೆ ನಾನು ಕೇಳುತ್ತಲೇ ಇರಲಿಲ್ಲ.

ಇಂಥವೇ ಪ್ರಶ್ನೆಗಳು ಬರುತ್ತವೆ. 500 ಎಂ.ಎಲ್. ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಐ.ವಿ. ಸೆಟ್ ಎಂ.ಎಲ್.ಗೆ 20 ಹನಿಯದು, ನಿಮಿಷಕ್ಕೆ ಎಷ್ಟು ಹನಿ? 500ನ್ನು 20ರಿಂದ ಗುಣಿಸಿದರೆ 10,000 ಹನಿ. 240 ನಿಮಿಷಕ್ಕೆ ಹಂಚಿದರೆ ಸುಮಾರು 42. ಹೆಪಾರಿನ್ ಎಂ.ಎಲ್.ಗೆ 5,000 ಯೂನಿಟ್ ಇದೆ, 3,000 ಬೇಕು ಅಂದರೆ 0.6 ಎಂ.ಎಲ್. ಇಂಥ ಲೆಕ್ಕಗಳನ್ನು ದಿನಕ್ಕೆ ನಾಲ್ಕೈದು ಪೆನ್ನು ಹಿಡಿದು ಮಾಡಿ, ಫೋನಿನ ಕ್ಯಾಲ್ಕುಲೇಟರ್ ಬೇಡ. ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾದ ಬಣ್ಣ ಕೇಳುತ್ತಾರೆ. ಹಸಿರು 18 ಗೇಜ್, ಗುಲಾಬಿ 20, ನೀಲಿ 22, ಹಳದಿ 24. ರಕ್ತ ಕೊಡಲು ಯಾವುದು, ಯಾಕೆ ಅಂತ ಮುಂದುವರಿಸುತ್ತಾರೆ. ರಕ್ತದ ಜೊತೆ ಅದೇ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಬಾರದು, ಮೊದಲ 15 ನಿಮಿಷ ರೋಗಿಯ ಹತ್ತಿರವೇ ಇರಬೇಕು, 4 ಗಂಟೆಯೊಳಗೆ ಮುಗಿಯಬೇಕು, ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಆಸ್ಪತ್ರೆಯ ಯಾವ ಕಸ ಯಾವ ಬಣ್ಣದ ಚೀಲಕ್ಕೆ ಅಂತ ಕೇಳದ ಇಂಟರ್‌ವ್ಯೂ ಇಲ್ಲವೇ ಇಲ್ಲ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ಹತ್ತಿದ ಹತ್ತಿ-ಡ್ರೆಸಿಂಗ್ ಹಳದಿಗೆ, ಐ.ವಿ. ಸೆಟ್-ಕ್ಯಾತಿಟರ್-ಗ್ಲೌಸ್ ಕೆಂಪಿಗೆ, ಸೂಜಿ ಬಿಳಿ ಡಬ್ಬಕ್ಕೆ, ಗಾಜಿನ ಬಾಟಲಿ ನೀಲಿಗೆ. ಸಿ.ಪಿ.ಆರ್. ಮಾಡಿ ತೋರಿಸಿ ಅಂದರೆ 30 ಒತ್ತು, 2 ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ. ಬಿ.ಎಲ್.ಎಸ್. (ತುರ್ತಿನಲ್ಲಿ ಜೀವ ಉಳಿಸುವ ಮೂಲ ಕ್ರಮಗಳ) ತರಬೇತಿಯ ಪ್ರಮಾಣಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೇರಿದ ಮೇಲೆ ಆಸ್ಪತ್ರೆಯೇ ಕೊಡಿಸುತ್ತದಾ ಅಂತ ಕೇಳಿ, ಸಾಲ ಮಾಡಿ ಹೋಗಬೇಡಿ.

ಗೊತ್ತಿಲ್ಲದ ಔಷಧಿಯ ಬಗ್ಗೆ ಕೇಳಿದರೆ ಊಹೆ ಮಾಡಬೇಡಿ. ‘ಗೊತ್ತಿಲ್ಲ ಮೇಡಂ, ಪುಸ್ತಕ ನೋಡಿ, ಸೀನಿಯರ್ ಸಿಸ್ಟರ್‌ಗೆ ಕೇಳಿ ಆಮೇಲೆ ಕೊಡ್ತೀನಿ’ ಅನ್ನಿ. ಹೊಸಬರ ಬಾಯಿಂದ ನಾವು ಕೇಳಲು ಕಾಯುವ ಮಾತೇ ಇದು.

‘ನಿಮಗೆ ಅನುಭವ ಇಲ್ಲವಲ್ಲ’ ಅಂದಾಗ ತಲೆ ತಗ್ಗಿಸಬೇಡಿ. ನಾಲ್ಕು ವರ್ಷ ಕ್ಲಿನಿಕಲ್ ಪೋಸ್ಟಿಂಗ್ ಮಾಡಿದ್ದೀರಿ. ಮಿಡ್‌ವೈಫರಿ ಕೇಸ್ ಬುಕ್, ಪ್ರೊಸೀಜರ್ ಲಾಗ್‌ಬುಕ್ ಮನೆಯ ಅಟ್ಟಕ್ಕೆ ಹಾಕಿದ್ದರೆ ಇವತ್ತೇ ಇಳಿಸಿ. ಎಷ್ಟು ಹೆರಿಗೆ ನೋಡಿದಿರಿ, ಎಷ್ಟು ಕ್ಯಾತಿಟರ್ ಹಾಕಿದಿರಿ, ಯಾವ ವಾರ್ಡಿನಲ್ಲಿ ಎಷ್ಟು ವಾರ ಇದ್ದಿರಿ, ಎಲ್ಲ ಅದರಲ್ಲಿದೆ. ಅದನ್ನೇ ಬಯೋಡೇಟಾದ ಮೊದಲ ಪುಟಕ್ಕೆ ತನ್ನಿ. ‘ಕಷ್ಟಪಟ್ಟು ದುಡಿಯುವವಳು, ಹೊಂದಿಕೊಳ್ಳುವವಳು’ ಎಂಬ ಸಾಲುಗಳನ್ನು ತೆಗೆದುಹಾಕಿ, ಅವು ಎಲ್ಲರ ಬಯೋಡೇಟಾದಲ್ಲೂ ಇರುತ್ತವೆ. ಜೊತೆಗೆ, ನೀವೇ ನೋಡಿಕೊಂಡ ಒಬ್ಬ ರೋಗಿಯ ಕಥೆ ಸಿದ್ಧ ಇಟ್ಟುಕೊಳ್ಳಿ. ಯಾಕೆ ಬಂದರು, ನೀವು ಏನು ಗಮನಿಸಿದಿರಿ, ಯಾರಿಗೆ ತಿಳಿಸಿದಿರಿ, ಮುಂದೇನಾಯಿತು. ರೋಗಿಯ ಹೆಸರು ಹೇಳಬೇಡಿ. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಲ್ಲವರು ಬಹಳ ಕಡಿಮೆ.

ಇಂಗ್ಲಿಷ್ ಬಗ್ಗೆ. ವಾರ್ಡಿನ ಇಂಗ್ಲಿಷಿಗೂ ಕಾಲೇಜಿನ ಭಾಷಣದ ಇಂಗ್ಲಿಷಿಗೂ ಸಂಬಂಧ ಇಲ್ಲ. ವಾರ್ಡಿನದ್ದು ಕೆಲವೇ ನೂರು ಪದಗಳ ಭಾಷೆ. ‘ಬೆಡ್ ನಂಬರ್ ಸಿಕ್ಸ್, ಪೋಸ್ಟ್ ಆಪ್ ಡೇ ಟೂ, ವೈಟಲ್ಸ್ ಸ್ಟೇಬಲ್, ಡ್ರೈನ್ ಫಿಫ್ಟಿ ಎಂ.ಎಲ್., ಪೇಯ್ನ್ ಸ್ಕೋರ್ ಫೋರ್, ಈವ್ನಿಂಗ್ ಆ್ಯಂಟಿಬಯಾಟಿಕ್ ಡ್ಯೂ.’ ಇದರಲ್ಲಿ ನಿಮಗೆ ಅರ್ಥವಾಗದ ಒಂದು ಪದವೂ ಇಲ್ಲ. ಬಾಯಿಗೆ ರೂಢಿ ಇಲ್ಲ, ಅಷ್ಟೇ. ರೋಗಿಯ ಸ್ಥಿತಿಯನ್ನು ಡಾಕ್ಟರಿಗೆ ತಿಳಿಸುವ ಐಸ್‌ಬಾರ್ ಕ್ರಮ ಕಾಲೇಜಿನಲ್ಲಿ ಓದಿರುತ್ತೀರಿ. ನಾನು ಯಾರು, ರೋಗಿಗೆ ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜೇನು, ನಿಮ್ಮಿಂದ ಏನು ಬೇಕು. ಕನ್ನಡಿ ಮುಂದೆ ನಿಂತು ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದ ಹಾಗೆ ಜೋರಾಗಿ ಹೇಳಿ. ದಿನಾ ಒಂದು ಕೇಸು. ಗೆಳತಿಯೊಬ್ಬಳು ಆಚೆ ಕಡೆ ಡಾಕ್ಟರಾಗಿ ಮರುಪ್ರಶ್ನೆ ಹಾಕಿದರೆ ಇನ್ನೂ ಒಳ್ಳೆಯದು. ತಿಂಗಳೊಳಗೆ ಬಾಯಿ ಬಿಚ್ಚುತ್ತದೆ.

ನಿಮ್ಮ ಕನ್ನಡವನ್ನೂ ಮುಂದಿಡಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಉತ್ತರ ಕರ್ನಾಟಕದಿಂದ ಬರುವ ರೋಗಿಗಳು ಸಾಕಷ್ಟು. ಅಜ್ಜಿಯೊಬ್ಬರು ‘ಎದಿ ಹಿಡದಂಗ ಆಗ್ಯಾದ್ರಿ, ದಮ್ಮು ಬರ್ತದ’ ಅಂದಾಗ ಆ ಕ್ಷಣವೇ ಇ.ಸಿ.ಜಿ. ಮೆಷಿನ್ ಕಡೆ ಓಡಬೇಕಾದವರು ಬೇಕು. ಬೇರೆ ಭಾಷೆಯ ಸಿಸ್ಟರ್‌ಗೆ ಅದನ್ನು ಯಾರೋ ಬಿಡಿಸಿ ಹೇಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಇಂಟರ್‌ವ್ಯೂನಲ್ಲಿ ಇದನ್ನು ಹೇಳಿಕೊಳ್ಳಿ, ಸಂಕೋಚ ಬೇಡ.

ಇಂಟರ್‌ವ್ಯೂ ಕೊನೆಗೆ ‘ನಿಮಗೇನಾದರೂ ಕೇಳೋದಿದೆಯಾ’ ಅನ್ನುತ್ತಾರೆ. ನಮ್ಮ ಮಕ್ಕಳು ‘ಇಲ್ಲ ಮೇಡಂ’ ಅಂತ ಎದ್ದು ಬರುತ್ತಾರೆ. ನೀವು ಏಳಬೇಡಿ. ಹೊಸಬರಿಗೆ ಎಷ್ಟು ದಿನ ತರಬೇತಿ? ಆ ದಿನಗಳಲ್ಲಿ ನನ್ನ ಹೆಸರಿಗೇ ರೋಗಿಗಳನ್ನು ಬರೆಯುತ್ತೀರಾ, ಹಿರಿಯರ ಜೊತೆ ಇಡುತ್ತೀರಾ? ಯಾವ ವಾರ್ಡು? ಆ ವಾರ್ಡಿನಲ್ಲಿ ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಸಿಸ್ಟರ್? ಮೊದಲ ನೈಟ್ ಡ್ಯೂಟಿ ಯಾವಾಗ, ಜೊತೆಗೆ ಯಾರಿರುತ್ತಾರೆ? ಪಾಳಿ ಆರು ಗಂಟೆಯದೋ ಹನ್ನೆರಡು ಗಂಟೆಯದೋ? ರಾತ್ರಿ ಪಾಳಿಗೆ ಹೋಗಿಬರಲು ಗಾಡಿ ಇದೆಯಾ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ಸೂಪರಿಂಟೆಂಡೆಂಟ್ ಇದ್ದರೆ ಆ ಸಿಟ್ಟೇ ನಿಮಗೆ ಉತ್ತರ. ‘ನೇರ ಐ.ಸಿ.ಯು.ಗೆ ಹಾಕ್ತೀವಿ’ ಅಂದರೆ ಖುಷಿಪಡುವ ಮುಂಚೆ ವಿಚಾರಿಸಿ. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಎಲ್ಲರೂ ಒಪ್ಪಿದ ಲೆಕ್ಕ. ಹೊಸಬಳ ಕೈಗೆ ಅಂಥ ಇಬ್ಬರನ್ನು ಕೊಡುವ ಐ.ಸಿ.ಯು. ನಿಮಗೂ ಒಳ್ಳೆಯದಲ್ಲ, ರೋಗಿಗೂ ಅಲ್ಲ. ಒಂದು ವರ್ಷ ಮೆಡಿಸಿನ್ ಅಥವಾ ಸರ್ಜರಿ ವಾರ್ಡಿನಲ್ಲಿ ಕೈ ಪಳಗಿಸಿ ಐ.ಸಿ.ಯು.ಗೆ ಹೋದವರು ಗಟ್ಟಿ ನರ್ಸ್ ಆಗುತ್ತಾರೆ ಅನ್ನುವುದು ನನ್ನ ನಂಬಿಕೆ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದ ಮೇಲೆ ಇನ್ನೊಂದು ಕೆಲಸ ಮಾಡಿ. ಡ್ಯೂಟಿ ಬದಲಾಗುವ ಹೊತ್ತಿಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲೋ ಹಾಸ್ಟೆಲ್ ಹತ್ತಿರವೋ ಅಲ್ಲಿನ ಚಿಕ್ಕವಯಸ್ಸಿನ ಸಿಸ್ಟರ್‌ಗಳನ್ನು, ಬ್ರದರ್‌ಗಳನ್ನು ಮಾತಾಡಿಸಿ. ಸಂಬಳ ಯಾವ ತಾರೀಕಿಗೆ ಬರುತ್ತದೆ, ರಜೆ ಕೊಡುತ್ತಾರಾ, ಬಿಟ್ಟು ಹೋದವರಿಗೆ ರಿಲೀವಿಂಗ್ ಲೆಟರ್ ಸಿಕ್ಕಿತಾ ಅಂತ ಕೇಳಿ. ಐದು ನಿಮಿಷದಲ್ಲಿ ಆಸ್ಪತ್ರೆಯ ನಿಜ ಬಣ್ಣ ಗೊತ್ತಾಗುತ್ತದೆ.

ಈಗ ಬಾಂಡು. ಬಾಂಡ್ ಅಂದಾಕ್ಷಣ ಅದು ಕಾನೂನಿಗೆ ವಿರುದ್ಧ ಅಂತಲ್ಲ. ಆಸ್ಪತ್ರೆ ನಿಮ್ಮ ತರಬೇತಿಗೆ ನಿಜವಾಗಿ ಖರ್ಚು ಮಾಡಿ, ನೀವು ನಡುವೆ ಬಿಟ್ಟರೆ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಮಂಜಸವಾದ ಪರಿಹಾರ ಕೇಳಬಹುದು. ಸಮಂಜಸ ಅನ್ನುವುದೇ ಇಲ್ಲಿ ಮುಖ್ಯ. ಬರೆದ ಅಂಕಿ ಒಂದು ಲಕ್ಷ ಅಂದಮಾತ್ರಕ್ಕೆ ಒಂದು ಲಕ್ಷ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಆದರೆ ಅದನ್ನು ನ್ಯಾಯಾಲಯದಲ್ಲಿ ವಾದಿಸುವ ಶಕ್ತಿ ಹೊಸ ನರ್ಸ್‌ಗೆ ಎಲ್ಲಿಂದ ಬರಬೇಕು? ಅದಕ್ಕೇ ಸಹಿ ಮಾಡುವ ಮುಂಚೆಯೇ ಮಾತಾಡಿ. ಎರಡು ವರ್ಷವನ್ನು ಒಂದಕ್ಕೆ ಇಳಿಸಲು ಕೇಳಿ. ಪರಿಹಾರದ ಮೊತ್ತ ತಿಂಗಳು ಕಳೆದಂತೆ ಕಡಿಮೆಯಾಗುತ್ತಾ ಹೋಗಲಿ ಅಂತ ಕೇಳಿ. ಸರ್ಕಾರಿ ಕೆಲಸ ಸಿಕ್ಕರೆ ನೋಟಿಸ್ ಕೊಟ್ಟು ಬಿಡಬಹುದು ಎಂಬ ಸಾಲು ಹಾಕಿಸಿ. ನಾರ್ಸೆಟ್ ಬರೆಯುವ ನಿಮಗೆ ಇದು ತುಂಬಾ ಮುಖ್ಯ. ಬಾಯಿಮಾತು ಲೆಕ್ಕಕ್ಕಿಲ್ಲ, ಕಾಗದದಲ್ಲಿ ಬರಬೇಕು.

ಮೂಲ ಪ್ರಮಾಣಪತ್ರಗಳ ವಿಷಯದಲ್ಲಿ ಮಾತ್ರ ಚೌಕಾಸಿಯೇ ಬೇಡ. ಕೊಡಬೇಡಿ. ತೋರಿಸಿ, ಪ್ರತಿ ಕೊಡಿ, ವಾಪಸ್ ತನ್ನಿ. ಅವು ನಿಮ್ಮ ಸ್ವತ್ತು. ಅವನ್ನು ಒತ್ತೆ ಇಟ್ಟುಕೊಂಡಿದ್ದರಿಂದ ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೆ ಹೋಗಲಾಗದೆ ಅತ್ತ ಹುಡುಗಿಯರನ್ನು ನಾನು ನೋಡಿದ್ದೇನೆ. ನಾಲ್ಕು ವರ್ಷದ ಓದು ಯಾರದೋ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸಹಿ ಮಾಡಿದ ಖಾಲಿ ಚೆಕ್ ಕೇಳಿದರೂ ಉತ್ತರ ಇದೇ. ಆಸ್ಪತ್ರೆ ಮೂಲ ಪತ್ರಗಳಿಗೇ ಹಟ ಹಿಡಿದರೆ ಆ ಕೆಲಸ ಬಿಟ್ಟುಬಿಡಿ, ಇನ್ನೊಂದು ಸಿಗುತ್ತದೆ.

ಸಂಬಳದ ಬಗ್ಗೆ ಒಂದು ವಿಷಯ ನಿಮಗೆ ಗೊತ್ತಿರಲಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚನೆ ಕೊಟ್ಟ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಸಮಿತಿ ಮಾಡಿತು. ಖಾಸಗಿ ನರ್ಸ್‌ಗಳ ಸಂಬಳ 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಬಾರದು, 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮವಾಗಿರಬೇಕು ಅಂತ ಅದು ಶಿಫಾರಸು ಮಾಡಿತು. ಜಾರಿ ಮಾಡುವ ಹೊಣೆ ರಾಜ್ಯಗಳದ್ದು. ನೀವು ಬರೆದ ಎರಡೂ ಅಂಕಿಗಳು ಆ ಮಟ್ಟಕ್ಕಿಂತ ಕೆಳಗಿವೆ, ಒಂದಂತೂ ಬಹಳ ಕೆಳಗೆ. ಇಂಟರ್‌ವ್ಯೂನಲ್ಲಿ ಇದನ್ನು ಹಿಡಿದು ಜಗಳ ಆಡಿ ಅಂತ ಹೇಳುತ್ತಿಲ್ಲ. ನಿಮ್ಮ ಕೆಲಸದ ಬೆಲೆ ನಿಮಗೆ ಗೊತ್ತಿರಬೇಕು. ಹಾಸ್ಟೆಲ್‌ನ 3,000 ಬಿಟ್ಟುಕೊಡಿ, ಆರು ತಿಂಗಳಿಗೆ ಸಂಬಳ ಎಷ್ಟು ಏರಿಸುತ್ತೀರಿ ಬರೆದುಕೊಡಿ ಅಂತ ಧೈರ್ಯವಾಗಿ ಕೇಳಬಹುದು.

ನಿಮ್ಮೂರ ನರ್ಸಿಂಗ್ ಹೋಂ ಅನ್ನು ನಾನು ಕೀಳಾಗಿ ನೋಡುತ್ತಿಲ್ಲ. ತಾಲ್ಲೂಕಿನ ಎಷ್ಟೋ ಹೆರಿಗೆಗಳು ಆಗುವುದು, ಹಾವು ಕಡಿದ ಎಷ್ಟೋ ಜೀವಗಳು ಉಳಿಯುವುದು ಅಂಥ ಕಡೆಯೇ. ಆದರೆ ಅಲ್ಲಿ ರಾತ್ರಿ ನೀವೊಬ್ಬರೇ ಇರುತ್ತೀರಿ. ವಾರ್ಡೂ ನಿಮ್ಮದೇ, ಲೇಬರ್ ರೂಮೂ ನಿಮ್ಮದೇ, ಫೋನೂ ನಿಮ್ಮದೇ. ಕಲಿಯಬೇಕಾದ ಸಮಯದಲ್ಲಿ ನಿಭಾಯಿಸುವುದೇ ಆಗಿಬಿಡುತ್ತದೆ. ಇನ್ನೊಂದು ತೊಡಕೂ ಇದೆ. ಮುಂದೆ ಅನುಭವ ಕೇಳುವ ಹಲವು ಕಡೆ ಕನಿಷ್ಠ ಹಾಸಿಗೆ ಸಂಖ್ಯೆ ನೋಡುತ್ತಾರೆ. ಉದಾಹರಣೆಗೆ, ನಾರ್ಸೆಟ್‌ಗೆ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮಾಡಿದವರು 50 ಹಾಸಿಗೆಗಿಂತ ಕಡಿಮೆ ಇಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಮನೆಯ ಪರಿಸ್ಥಿತಿ ಬಿಡುವುದೇ ಇಲ್ಲ ಅಂದರೆ ಸೇರಿ, ಆದರೆ ನೋಂದಣಿ ಬಂದು ದೊಡ್ಡ ಕಡೆ ಸಿಗುವವರೆಗೆ ಮಾತ್ರ. ನೇಮಕಾತಿ ಪತ್ರ ತಗೊಳ್ಳಿ, ಸಂಬಳ ಬ್ಯಾಂಕ್ ಖಾತೆಗೇ ಬರಲಿ.

ನಾರ್ಸೆಟ್ ವಿಷಯಕ್ಕೆ ಬಂದರೆ, ನೀವು ಬಿ.ಎಸ್ಸಿ. ಆಗಿರುವುದರಿಂದ ನೋಂದಣಿ ಇದ್ದರೆ ಸಾಕು, ಅನುಭವ ಕೇಳುವುದಿಲ್ಲ. 2020ರಿಂದ ಏಮ್ಸ್ ನಡೆಸುತ್ತಿರುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಮೂಲ ವೇತನವೇ 44,900. ವಯಸ್ಸಿನ ಮಿತಿ 30, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಹಾಗಾಗಿ ಊಹೆಯ ಆಟ ನಡೆಯದು. ಕೆಲಸ ಬಿಟ್ಟು ಕೋಚಿಂಗ್‌ಗೆ ಹೋಗಿ ಕೂರುವವರನ್ನು ನೋಡುತ್ತೇನೆ, ನನಗೆ ಅದು ಇಷ್ಟವಿಲ್ಲ. ವಾರ್ಡಿನಲ್ಲಿ ಇವತ್ತು ಕೊಟ್ಟ ಐದು ಔಷಧಿಗಳನ್ನು ಸಂಜೆ ಪುಸ್ತಕದಲ್ಲಿ ಓದಿದರೆ ಅದು ಮರೆಯುವುದಿಲ್ಲ. ಪರೀಕ್ಷೆಯಲ್ಲೂ ರೋಗಿಯ ಪರಿಸ್ಥಿತಿ ಕೊಟ್ಟು ‘ಮೊದಲು ಏನು ಮಾಡುತ್ತೀರಿ’ ಅಂತ ಕೇಳುವ ಪ್ರಶ್ನೆಗಳಿರುತ್ತವೆ. ವಾರ್ಡಿನಲ್ಲಿ ನಿಂತವರಿಗೆ ಅದು ಸುಲಭ. ರೈಲ್ವೆ, ಇ.ಎಸ್.ಐ., ನಿಮ್ಹಾನ್ಸ್‌ಗಳ ನೇಮಕಾತಿಗೂ ಇದೇ ಓದು ಸಾಕು.

ರಾಯಚೂರಿನವರಾದ ನಿಮಗೆ ಇನ್ನೊಂದು ಬಲ ಇದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ರಾಜ್ಯ ಸರ್ಕಾರದ ಶುಶ್ರೂಷಾಧಿಕಾರಿ ಹುದ್ದೆಗಳೂ ಇದರಲ್ಲಿ ಬರುತ್ತವೆ. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ, ಈಗಲೇ ಮಾಡಿಸಿಡಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಜಿಲ್ಲಾ ಮಟ್ಟದಲ್ಲಿ ಗುತ್ತಿಗೆ ನೇಮಕಾತಿಯೂ ಆಗುತ್ತಿರುತ್ತದೆ. ಜಿಲ್ಲಾ ಆರೋಗ್ಯ ಕಚೇರಿಯ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಈ ವಾರ ಮಾಡಬೇಕಾದ ಎರಡು ಕೆಲಸ ಹೇಳಿ ನಿಲ್ಲಿಸುತ್ತೇನೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯಾ ನೋಡಿ. ಮೊದಲ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಗಿಲ್ಲದಿದ್ದರೆ ಇವತ್ತೇ ಶುರು ಮಾಡಿ, ಆಗಿದ್ದರೆ ಚೀಟಿ ಫೈಲಿಗೆ ಹಾಕಿ. ಸೂಜಿ ಚುಚ್ಚಿಕೊಳ್ಳುವುದು ಹೊಸಬರಿಗೇ ಜಾಸ್ತಿ. ಎರಡನೆಯದು, ಬೆಂಗಳೂರಿನ ಆಸ್ಪತ್ರೆಗೆ ಒಂದು ಇಮೇಲ್ ಬರೆಯಿರಿ. ಮೂಲ ಪ್ರಮಾಣಪತ್ರ ಕೊಡುವುದಿಲ್ಲ, ಬಾಂಡ್ ಒಂದು ವರ್ಷಕ್ಕಾದರೆ ಒಪ್ಪುತ್ತೇನೆ, ತರಬೇತಿ ಎಷ್ಟು ದಿನ, ಯಾವ ವಾರ್ಡು ಅಂತ ತಿಳಿಸಿ, ಇಷ್ಟೇ. ಉತ್ತರ ಬರುವವರೆಗೆ ಸುಮ್ಮನಿರಬೇಡಿ. ರಾಯಚೂರು, ಕಲಬುರಗಿ, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ನರ್ಸಿಂಗ್ ಆಫೀಸಿಗೆ ಫೈಲು ಹಿಡಿದು ಹೋಗಿಬನ್ನಿ. ನಡುವೆ ಯಾರಾದರೂ ‘ದುಡ್ಡು ಕೊಟ್ಟರೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಕೊಡಿಸ್ತೀನಿ’ ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನರ್ಸ್‌ಗಳಿಗಾಗಿ ಆಸ್ಪತ್ರೆಗಳೇ ಹುಡುಕುತ್ತಿವೆ, ನಡುವೆ ದಲ್ಲಾಳಿ ಬೇಕಾಗಿಲ್ಲ.